ಲೋಕಕ್ಕೆ ಬೆಳಕಾಗಬೇಕಾದ ಯಹೂದಿ ಜನ ಮತಪ್ರಚಾರವನ್ನೇ ಮಾಡುವುದಿಲ್ಲವೇಕೆ?

ಪ್ರಶ್ನೆ: ಬಯಲುಸೀಮೆಯವ

ಮಾನ್ಯರೇ, ಕೆಲವು ತಿಂಗಳಿಂದ ಹಳೆಯ ಒಡಂಬಡಿಕೆಯನ್ನು ಕನ್ನಡದಲ್ಲಿ ಓದುತ್ತಿದ್ದೇನೆ. ಆದಿಕಾಂಡದ 12ನೆಯ ಅಧ್ಯಾಯದಲ್ಲಿ, ಭೂಮಿಯ ಕುಲಗಳೆಲ್ಲವೂ ನಿನ್ನ ಮೂಲಕ ಆಶೀರ್ವಾದ ಪಡೆಯುವವೆಂದು ದೇವರು ಯಹೂದಿಗಳ ಮೂಲಪುರುಷ ಅಬ್ರಾಮನಿಗೆ ಮಾತು ಕೊಡುತ್ತಾನೆ. ವಿಮೋಚನಕಾಂಡದ 19ರಲ್ಲಿ, ಸೀನಾಯಿ ಬೆಟ್ಟದ ಬುಡದಲ್ಲಿ ನೆರೆದ ಜನ ಯಾಜಕರ ರಾಜ್ಯವಾಗಬೇಕೆಂಬ ಮಾತು ಬರುತ್ತದೆ. ಯೆಶಾಯನ ಗ್ರಂಥ ಇನ್ನೂ ಮುಂದೆ ಹೋಗಿ ಜನಾಂಗಗಳಿಗೆ ಬೆಳಕು ಎನ್ನುತ್ತದೆ. ಇಷ್ಟು ದೊಡ್ಡ ಹೊಣೆ ಹೊತ್ತ ಯಹೂದಿ ಜನ ಮನೆಮನೆಗೆ ಹೋಗಿ ಬೋಧಿಸಿದ್ದನ್ನಾಗಲಿ, ಬನ್ನಿ ನಮ್ಮ ಮತಕ್ಕೆ ಸೇರಿ ಎಂದು ಕರೆದದ್ದನ್ನಾಗಲಿ ನಾನು ಕೇಳಿಲ್ಲ. ಕರೆಯದೆಯೇ ಲೋಕವನ್ನು ಎತ್ತುವುದು ಹೇಗೆ? ಇನ್ನೊಂದು ಸಂದೇಹವನ್ನೂ ಸಂಕೋಚದಿಂದಲೇ ಮುಂದಿಡುತ್ತೇನೆ: ತಾವು ಆರಿಸಲ್ಪಟ್ಟವರು ಎಂಬ ನಂಬಿಕೆಯಲ್ಲಿ ಮೇಲುಕುಲದ ಹಮ್ಮು ಅಡಗಿಲ್ಲವೇ? ಜಾತಿಯ ಬಿಸಿಯನ್ನು ಕಂಡ ನಾಡಿನವರಾದ ನಮಗೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಉತ್ತರ: ಹಳೆಯ ಓದುಗ

ಎರಡನೆಯ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ನಿಮಗಿಂತ ಮೊದಲು, ನಿಮಗಿಂತ ಕಟುವಾಗಿ ಎತ್ತಿದವರು ಅವರದೇ ಪ್ರವಾದಿಗಳು. ಆಮೋಸನ ಗ್ರಂಥದ 3ನೆಯ ಅಧ್ಯಾಯವನ್ನು ನೋಡಿ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮೊಬ್ಬರನ್ನೇ ಬಲ್ಲೆನೆಂದು ದೇವರು ಹೇಳುತ್ತಾನೆ. ಓದುವವನು ಮುಂದೆ ವರದ ಮಾತು ಬರುತ್ತದೆಂದುಕೊಂಡರೆ, ಬರುವುದು ಆದಕಾರಣವೇ ನಿಮ್ಮ ಅಪರಾಧಗಳಿಗೆಲ್ಲ ನಿಮ್ಮನ್ನು ದಂಡಿಸುತ್ತೇನೆ ಎಂಬ ಮಾತು. ಅದೇ ಗ್ರಂಥದ 9ನೆಯ ಅಧ್ಯಾಯದಲ್ಲಿ, ನೀವು ನನಗೆ ಕೂಷ್ಯರಂತೆಯೇ (ದೂರದ ಆಫ್ರಿಕದ ಜನ) ಅಲ್ಲವೇ ಎಂದು ಕೇಳಿ, ಉಳಿದ ಹಮ್ಮಿನ ಬೇರನ್ನೂ ಕಿತ್ತುಹಾಕುತ್ತಾನೆ. ಆಯ್ಕೆಯೆಂಬುದು ಅಲ್ಲಿ ಹಕ್ಕುಪತ್ರವಲ್ಲ, ಹೆಗಲ ಮೇಲಿನ ಹೊರೆ. ಆ ಹೊರೆಯನ್ನು ಕಿರೀಟವೆಂದು ತಿಳಿದು ಮೆರೆದವರು ಅವರಲ್ಲೂ ಇದ್ದಾರೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಇನ್ನು ಮತಪ್ರಚಾರದ ವಿಷಯ. ಸದ್ಗತಿ ಪಡೆಯಲು ಎಲ್ಲರೂ ಯಹೂದಿಗಳಾಗಬೇಕೆಂದು ಅವರ ಧರ್ಮಗುರುಗಳಾದ ರಬ್ಬಿಗಳು ಎಣಿಸಲಿಲ್ಲ. ಜಲಪ್ರಳಯದಿಂದ ಪಾರಾದ ನೋಹನ ಸಂತತಿಗೆ, ಎಂದರೆ ಮನುಕುಲಕ್ಕೆಲ್ಲ, ಏಳು ಕಟ್ಟಳೆಗಳಿವೆಯೆಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಹೇಳುತ್ತದೆ: ವಿಗ್ರಹಾರಾಧನೆ, ದೇವದೂಷಣೆ, ಕೊಲೆ, ವ್ಯಭಿಚಾರ, ಕಳವು ಇವೆಲ್ಲ ನಿಷಿದ್ಧ, ಜೀವಂತ ಪ್ರಾಣಿಯಿಂದ ಕತ್ತರಿಸಿದ ಅಂಗವನ್ನು ತಿನ್ನುವುದೂ ನಿಷಿದ್ಧ, ನ್ಯಾಯಾಲಯಗಳನ್ನು ಸ್ಥಾಪಿಸುವುದು ಕಡ್ಡಾಯ. ಮೊದಲನೆಯ ಕಟ್ಟಳೆ ನಮ್ಮ ದೇಶದ ಬಹುಪಾಲು ಜನರನ್ನು ನೇರವಾಗಿ ತಟ್ಟುತ್ತದೆ, ನಿಜ. ಅದರ ಚರ್ಚೆ ಬೇರೆಯೇ ಆಗಬೇಕು. ಇಲ್ಲಿ ಮುಖ್ಯವಾದ ಮಾತೆಂದರೆ, ಅನ್ಯಜನರಲ್ಲಿನ ಸಜ್ಜನರಿಗೂ ಬರಲಿರುವ ಲೋಕದಲ್ಲಿ ಪಾಲಿದೆ ಎಂಬ ನಿಲುವನ್ನು 12ನೆಯ ಶತಮಾನದ ಯಹೂದಿ ಪಂಡಿತ ಮೈಮೋನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ಎತ್ತಿಹಿಡಿದ. ಹಾಗಿರುವಾಗ ಕರೆದು ಸೇರಿಸಿಕೊಳ್ಳುವ ತುರ್ತಾದರೂ ಏನು?

ತಾನಾಗಿ ಬಂದವನನ್ನೂ ಅವರು ಒಡನೆಯೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಾಲ್ಮೂದಿನ ಯೆವಾಮೋತ್ ಭಾಗದಲ್ಲಿ ಆ ಸಂದರ್ಭದ ಚಿತ್ರವೇ ಇದೆ. ಇಸ್ರಾಯೇಲ್ಯರು ಈಗ ದಬ್ಬಾಳಿಕೆಗೆ ಸಿಕ್ಕಿ ನಲುಗುತ್ತಿರುವುದು ನಿನಗೆ ತಿಳಿಯದೇ, ನಮ್ಮಲ್ಲಿ ನೀನು ಕಂಡದ್ದೇನು ಎಂದು ಬಂದವನನ್ನು ಕೇಳಬೇಕು. ಬಲ್ಲೆ, ಆದರೂ ನಾನು ಅದಕ್ಕೆ ಯೋಗ್ಯನಲ್ಲ ಎಂದು ಅವನು ನುಡಿದರೆ ಕೂಡಲೇ ಸ್ವೀಕರಿಸಬೇಕು. ಆಮೇಲೆ ಅವನಿಗೆ ಕೆಲವು ಹಗುರ ಆಜ್ಞೆಗಳನ್ನೂ ಕೆಲವು ಭಾರದ ಆಜ್ಞೆಗಳನ್ನೂ ತಿಳಿಸುತ್ತಾರೆ. ಅವುಗಳ ನಡುವೆ ಹೆಸರಿಸಿಯೇ ಹೇಳುವುದು ಬಡವರ ಪಾಲನ್ನು: ಕೊಯ್ಲಿನಲ್ಲಿ ಉದುರಿದ ಹಕ್ಕಲು, ಹೊಲದಲ್ಲಿ ಮರೆತು ಬಂದ ಸಿವುಡು, ಕೊಯ್ಯದೆ ಬಿಡಬೇಕಾದ ಹೊಲದ ಅಂಚು, ಬಡವರ ದಶಮಾಂಶ. ಮತಕ್ಕೆ ಸೇರುವವನಿಗೆ ಮೊದಲ ದಿನವೇ ಹೊಲದ ಮೂಲೆಯ ಲೆಕ್ಕ ಹೇಳುವ ಈ ರೀತಿ ನನಗೆ ಬಹಳ ಹಿಡಿಸಿತು. ಆ ಹಕ್ಕಲನ್ನು ಆಯಲು ಬರುವ ಅನ್ಯಜನರ ಬಡವರನ್ನೂ ತಡೆಯಬಾರದೆಂದು, ತಾಲ್ಮೂದಿಗೆ ಆಧಾರವಾದ ಹಳೆಯ ವಿಧಿಸಂಗ್ರಹ ಮಿಷ್ನಾ ವಿಧಿಸುತ್ತದೆ. ಅದಕ್ಕೆ ಕೊಡುವ ಕಾರಣ ಶಾಂತಿಯ ಮಾರ್ಗ ಎಂಬುದು.

ಉತ್ತರ: ಅರ್ಧವಿರಾಮ

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಈ ವಿಷಯ ಬಂದಾಗಲೆಲ್ಲ ಇಂದು ಕಿವಿಗೆ ಬೀಳುವ ‘ತಿಕ್ಕುನ್ ಓಲಾಮ್’ ಎಂಬ ಪದ ಅದರಲ್ಲಿ ಇಲ್ಲವೇ ಇಲ್ಲ. ಲೋಕವನ್ನು ಸರಿಪಡಿಸುವುದು ಎಂದು ಅದರ ಅರ್ಥ. ಯಹೂದಿಗಳ ಪುರಾತನ ಧ್ಯೇಯವೇ ಇದು ಎಂಬಂತೆ ಅನೇಕರು ಬರೆಯುತ್ತಾರೆ. ಪದ ಹಳೆಯದೇ, ಆದರೆ ಅದು ಮೂರು ನಾಲ್ಕು ಬಾರಿ ವೇಷ ಬದಲಿಸಿದೆ.

ಮಿಷ್ನಾದಲ್ಲಿ ಅದು ಶುದ್ಧ ವ್ಯವಹಾರದ ಮಾತು. ಏಳನೆಯ ವರ್ಷಕ್ಕೊಮ್ಮೆ ಸಾಲಗಳೆಲ್ಲ ಮನ್ನಾ ಆಗಬೇಕೆಂಬ ವಿಧಿ ಧರ್ಮೋಪದೇಶಕಾಂಡದಲ್ಲಿದೆ. ಆ ವರ್ಷ ಹತ್ತಿರವಾದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು, ಸಂಕಟ ಬಂದದ್ದು ಯಾರ ಹಿತಕ್ಕಾಗಿ ವಿಧಿ ಇತ್ತೋ ಆ ಬಡವರಿಗೇ. (ಸಾಲಮನ್ನಾದ ಚರ್ಚೆಯನ್ನು ಪ್ರತಿ ಚುನಾವಣೆಯಲ್ಲೂ ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಆಗ ಹಿಲ್ಲೇಲ್ ಎಂಬ ಗುರು, ಸಾಲದ ವಸೂಲಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಪ್ರೊಜ್ಬುಲ್ ಎಂಬ ಪತ್ರವನ್ನು ಜಾರಿಗೆ ತಂದ, ನ್ಯಾಯಾಲಯಕ್ಕೆ ಒಪ್ಪಿಸಿದ ಸಾಲ ಮನ್ನಾ ಆಗುವುದಿಲ್ಲ. ಇದನ್ನು ಮಾಡಿದ್ದು ತಿಕ್ಕುನ್ ಓಲಾಮಿಗಾಗಿ ಎನ್ನುತ್ತದೆ ಮಿಷ್ನಾ. ಸೆರೆಯಾಳುಗಳನ್ನು ಅವರ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದೆಂಬ ಕಠಿಣ ನಿಯಮಕ್ಕೂ ಅಲ್ಲಿ ಇದೇ ಕಾರಣ.

ದಿನಕ್ಕೆ ಮೂರು ಬಾರಿ ಹೇಳುವ ಅಲೇನು ಪ್ರಾರ್ಥನೆಯಲ್ಲಿ ಮಾತ್ರ ಅದು ದೇವರ ಆಳ್ವಿಕೆಯಲ್ಲಿ ಲೋಕ ನೇರ್ಪಡುವ ಹಾರೈಕೆ, ಮನುಷ್ಯರ ಯೋಜನೆಯಲ್ಲ. 1570ರಲ್ಲಿ ಗಲಿಲಾಯದ ಸಫೇದ್ ಪಟ್ಟಣಕ್ಕೆ ಬಂದು ಎರಡೇ ವರ್ಷಗಳಲ್ಲಿ ತೀರಿಕೊಂಡ ಯಹೂದಿ ಅನುಭಾವಿ ಐಸಾಕ್ ಲೂರಿಯಾ ತಿಕ್ಕುನ್‌ಗೆ ಮತ್ತೊಂದು ಆಳವನ್ನು ಕೊಟ್ಟ. ಸೃಷ್ಟಿಯ ಕಾಲದಲ್ಲಿ ದಿವ್ಯ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದವು, ಕಿಡಿಗಳು ಲೋಕದ ಕಸದಲ್ಲೆಲ್ಲ ಚೆದುರಿ ಸಿಕ್ಕಿಕೊಂಡವು, ಮನುಷ್ಯ ಮಾಡುವ ಒಂದೊಂದು ಆಜ್ಞಾಪಾಲನೆಯೂ ಒಂದೊಂದು ಕಿಡಿಯನ್ನು ಮೇಲೆತ್ತುತ್ತದೆ ಎಂಬುದು ಅವನ ದರ್ಶನ. ಊಟಕ್ಕೆ ಮುನ್ನ ಹೇಳುವ ಒಂದು ಸಾಲಿನ ಪ್ರಾರ್ಥನೆಯೂ ಅಲ್ಲಿ ಲೋಕದ ರಿಪೇರಿಯೇ. ಸಮಾಜಸೇವೆ ಎಂಬ ಇಂದಿನ ಅರ್ಥ ಬಂದದ್ದು 20ನೆಯ ಶತಮಾನದ ಅಮೆರಿಕದಲ್ಲಿ. ನನ್ನ ಮಟ್ಟಿಗೆ ಹಿಲ್ಲೇಲನ ಅರ್ಥವೇ ಹೆಚ್ಚು ಗಟ್ಟಿ, ಏಕೆಂದರೆ ಅಲ್ಲಿ ಯಾರ ಕೈಗೆ ಸಾಲ ಸಿಗುತ್ತದೆ ಎಂಬುದು ಕಾಣುತ್ತದೆ.

ಉತ್ತರ: ಕಡಲಂಚು

ಗ್ರಂಥಗಳ ವಿಚಾರ ನನಗೆ ಅಷ್ಟಾಗಿ ತಿಳಿಯದು. ಕೊಂಕಣದಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲಿಬಾಗ್ ಸುತ್ತಣ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲ್ ಎಂಬ ಯಹೂದಿಗಳು ಶತಮಾನಗಳಿಂದ ಎಣ್ಣೆಗಾಣ ನಡೆಸಿಕೊಂಡಿದ್ದರು. ಹಡಗು ಒಡೆದು ದಡ ಸೇರಿದ ಏಳು ದಂಪತಿಗಳ ಸಂತತಿ ತಾವೆಂಬುದು ಅವರ ಐತಿಹ್ಯ. ಗ್ರಂಥಗಳು ಕೈತಪ್ಪಿ, ಶೆಮಾ ಎಂಬ ಒಂದು ಪ್ರಾರ್ಥನೆ ಮಾತ್ರ ನೆನಪಿನಲ್ಲಿ ಉಳಿದಿದ್ದ ಕಾಲದಲ್ಲಿಯೂ ಅವರು ಶನಿವಾರ ಗಾಣ ಕಟ್ಟಲಿಲ್ಲ. ಅದಕ್ಕಾಗಿಯೇ ನೆರೆಹೊರೆಯವರು ಅವರನ್ನು ಶನಿವಾರ ತೇಲಿ, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಯಾರನ್ನೂ ಕರೆಯದೆ, ಯಾರಿಗೂ ಬೋಧಿಸದೆ, ವಾರಕ್ಕೊಂದು ದಿನ ದುಡಿಮೆಯನ್ನು ನಿಲ್ಲಿಸಿದ್ದೇ ಅವರ ಗುರುತಾಯಿತು. ವಿಮೋಚನಕಾಂಡದಲ್ಲಿನ ಸಬ್ಬತ್ ಎಂಬ ವಾರದ ವಿಶ್ರಾಂತಿದಿನದ ವಿಧಿಯಲ್ಲಿ ಆಳಿಗೂ ಎತ್ತಿಗೂ ವಿರಾಮವಿದೆ; ಗಾಣದ ಎತ್ತಿನ ಪಾಲಿಗೆ ಇದಕ್ಕಿಂತ ನೇರವಾದ ಉಪದೇಶ ಯಾವುದಿದ್ದೀತು?

ಹತ್ತಾರು ವರ್ಷಗಳ ಹಿಂದೆ ಅಲ್ಲಿನ ಒಂದು ಮನೆಯಲ್ಲಿ ಎಲೀಯ ಪ್ರವಾದಿಯ ಹೆಸರಿನ ಮಲಿದಾ ನೈವೇದ್ಯಕ್ಕೆ ಕುಳಿತಿದ್ದೆ. ದೊಡ್ಡ ತಟ್ಟೆಯಲ್ಲಿ ನೆನೆದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಮೇಲೆ ಹಣ್ಣಿನ ಹೋಳುಗಳು. ನಮ್ಮ ಮನೆಯ ಸಿಹಿ ಅವಲಕ್ಕಿಯೇ ಎನಿಸಿತು. ನೀವು ಬಂದವರಿಗೆಲ್ಲ ನಿಮ್ಮ ಧರ್ಮ ಹೇಳುವುದಿಲ್ಲವೇ ಎಂದು ನಾನು ಹಿರಿಯರನ್ನು ಕೇಳಿದಾಗ ಅವರು ನನ್ನ ಎಲೆಗೆ ಇನ್ನೊಂದು ಹಿಡಿ ಬಡಿಸಿ ಸುಮ್ಮನಾದರು.

ಮರುಪ್ರಶ್ನೆ: ಬಯಲುಸೀಮೆಯವ

ಎಲ್ಲರಿಗೂ ಕೃತಜ್ಞತೆಗಳು. ಆಯ್ಕೆ ಎಂಬ ಕಲ್ಪನೆಯನ್ನೇ ಬೇಡವೆಂದ ಯಹೂದಿಗಳು ಇದ್ದಾರೆಯೇ?

ಉತ್ತರ: ಹಳೆಯ ಓದುಗ

ಇದ್ದಾರೆ. ಅಮೆರಿಕದ ರಬ್ಬಿ ಮೊರ್ದೆಕಾಯ್ ಕಪ್ಲಾನ್ ಅವರಲ್ಲಿ ಪ್ರಮುಖರು. 1945ರಲ್ಲಿ ಹೊರತಂದ ಪ್ರಾರ್ಥನಾ ಪುಸ್ತಕದಿಂದ ಅವರು ಆಯ್ಕೆಯ ಮಾತುಗಳನ್ನು ತೆಗೆದುಹಾಕಿದರು. ಸಂಪ್ರದಾಯವಾದಿ ರಬ್ಬಿಗಳ ಸಂಘವೊಂದು ಅವರಿಗೆ ಬಹಿಷ್ಕಾರ ಹಾಕಿತು, ನ್ಯೂಯಾರ್ಕಿನ ಆ ಸಭೆಯಲ್ಲಿ ಪುಸ್ತಕದ ಪ್ರತಿಯೊಂದನ್ನು ಸುಡಲಾಯಿತು. ಟೋರಾ (ಮೋಶೆಯ ಐದು ಗ್ರಂಥಗಳು) ಪಠಣಕ್ಕೆ ಮುನ್ನ ಹೇಳುವ ಸ್ತುತಿಯಲ್ಲಿ ಎಲ್ಲ ಜನಾಂಗಗಳೊಳಗಿಂದ ನಮ್ಮನ್ನು ಆರಿಸಿಕೊಂಡವನು ಎಂದು ದೇವರನ್ನು ಕರೆಯುವುದು ವಾಡಿಕೆ. ಕಪ್ಲಾನರ ಹಾದಿ ಹಿಡಿದವರು ಆ ಜಾಗದಲ್ಲಿ, ತನ್ನ ಸೇವೆಗೆ ನಮ್ಮನ್ನು ಹತ್ತಿರ ಸೆಳೆದುಕೊಂಡವನು ಎನ್ನುತ್ತಾರೆ.