1862ರ ಮ್ಯಾಂಚೆಸ್ಟರ್: ಗಿರಣಿಗಳು ನಿಂತದ್ದು ಹತ್ತಿ ಇಲ್ಲದ್ದರಿಂದ ಮಾತ್ರವೇ?

ಎರೆಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಜಿಲ್ಲೆಯವನು. ನಮ್ಮ ಭಾಗದ ಹತ್ತಿ ವ್ಯಾಪಾರದ ಬಗೆಗೆ ಓದುವಾಗಲೆಲ್ಲ 1860ರ ದಶಕದಲ್ಲಿ ಬೆಲೆ ಒಮ್ಮೆಲೇ ಏರಿದ ಪ್ರಸಂಗ ಬರುತ್ತದೆ, ಅದರ ಬೆನ್ನಿಗೇ ಮ್ಯಾಂಚೆಸ್ಟರಿನ ಹೆಸರೂ ಬರುತ್ತದೆ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಿತು, ಅದರಿಂದ ಗಿರಣಿಗಳು ನಿಂತವು, ಕೆಲಸಗಾರರು ಉಪವಾಸ ಬಿದ್ದರು ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಆದರೆ ಎರಡು ಸಂಗತಿಗಳು ನನಗೆ ತಾಳೆಯಾಗುತ್ತಿಲ್ಲ. ಯುದ್ಧ ಆರಂಭವಾದದ್ದು 1861ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಎಷ್ಟೋ ಗಿರಣಿಗಳು ವಾರಕ್ಕೆ ಮೂರು-ನಾಲ್ಕು ದಿನ ಮಾತ್ರ ನಡೆಯತೊಡಗಿದ್ದವು. ಆಗ ಹತ್ತಿ ಬಂದಿಳಿಯುವ ಬಂದರಾದ ಲಿವರ್‌ಪೂಲಿನ ಗೋದಾಮುಗಳಲ್ಲಿ ಹತ್ತಿಯಿತ್ತು. ಇನ್ನೊಂದು, ಹತ್ತಿಯನ್ನೇ ನಂಬಿ ಬೆಳೆದ ಊರು ಆ ಏಟಿಗೆ ನೆಲಕಚ್ಚಬೇಕಿತ್ತು, ಹಾಗಾದಂತೆ ಕಾಣುವುದಿಲ್ಲ. 1862ನೆಯ ವರ್ಷವನ್ನು ಮ್ಯಾಂಚೆಸ್ಟರ್ ಹೇಗೆ ಕಳೆಯಿತು, ಅದರಲ್ಲಿ ನಮ್ಮ ಹತ್ತಿಯ ಪಾತ್ರ ಎಷ್ಟು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಕದಿರು (ಉತ್ತರ)

ಎರೆಹೊಲ ಅವರೇ, ನಿಮ್ಮ ಮೊದಲನೆಯ ಅನುಮಾನ ಸರಿಯಾಗಿಯೇ ಇದೆ. 1859 ಮತ್ತು 1860 ಮ್ಯಾಂಚೆಸ್ಟರ್ ಇರುವ ಗಿರಣಿ ಸೀಮೆಯಾದ ಲ್ಯಾಂಕಾಷೈರಿಗೆ ಅಪಾರ ಲಾಭದ ವರ್ಷಗಳು. ಲಾಭ ಕಂಡವರು ಹೊಸ ಗಿರಣಿ ಕಟ್ಟಿಸಿದರು, ಇದ್ದ ಗಿರಣಿಗಳಿಗೆ ಕದಿರು ಮಗ್ಗಗಳನ್ನು ಕೂಡಿಸಿದರು, ಹಾಗೆ ನೇಯ್ದದ್ದನ್ನೆಲ್ಲ ಹಡಗು ತುಂಬಿಸಿ ಮುಖ್ಯವಾಗಿ ಭಾರತಕ್ಕೂ ಚೀನಾಕ್ಕೂ ಕಳುಹಿಸಿದರು. ಕೊಳ್ಳುವವರ ಶಕ್ತಿಯನ್ನು ಮೀರಿ ಮಾಲು ಬಂದು ಬಿದ್ದದ್ದರಿಂದ ಮುಂಬಯಿ, ಕಲಕತ್ತೆಗಳ ಪೇಟೆಗಳಲ್ಲಿ ಬಟ್ಟೆಯ ಬೆಲೆ ಕುಸಿಯಿತು. 1861ರ ವಸಂತದ ಹೊತ್ತಿಗೆ ಅಮೆರಿಕದ ಹಿಂದಿನ ವರ್ಷದ ಭರ್ಜರಿ ಬೆಳೆಯ ಬಹುಭಾಗ ಆಗಲೇ ಇಂಗ್ಲೆಂಡ್ ಸೇರಿತ್ತು. ಹೀಗೆ ಒಂದು ಕಡೆ ಮಾರಾಟವಾಗದ ಬಟ್ಟೆ, ಇನ್ನೊಂದು ಕಡೆ ಕೈತುಂಬ ಕಚ್ಚಾ ಹತ್ತಿ ಇರುವಾಗಲೇ ಮಾಲೀಕರು ಕೆಲಸದ ದಿನಗಳನ್ನು ಕಡಿತ ಮಾಡಿದರು. ಯುದ್ಧ ಆಗದಿದ್ದರೂ 1861ರ ಕೊನೆಯಲ್ಲಿ ಒಂದು ಹಿಂಜರಿತ ತಪ್ಪುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

1862ರಲ್ಲಿ ಆದದ್ದು ಬೇರೆ. ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳದು. ಆ ರಾಜ್ಯಗಳು ಮೊದಲು ತಾವೇ ಹತ್ತಿಯನ್ನು ತಡೆಹಿಡಿದವು, ಹಾಗೆ ಮಾಡಿದರೆ ಇಂಗ್ಲೆಂಡು ತಮ್ಮ ಪರ ನಿಲ್ಲುತ್ತದೆಂಬ ಲೆಕ್ಕಾಚಾರ ಅವರದು. ಆ ಹೊತ್ತಿಗೆ ಉತ್ತರದ ನೌಕಾ ದಿಗ್ಬಂಧನವೂ ಬಿಗಿಯಾಯಿತು. 1860ರಲ್ಲಿ ಒಂದು ಪೌಂಡು ತೂಕಕ್ಕೆ 7 ಪೆನ್ಸ್ ಆಸುಪಾಸಿನಲ್ಲಿದ್ದ ಸಾಧಾರಣ ದರ್ಜೆಯ ಅಮೆರಿಕದ ಹತ್ತಿ 1862ರ ಶರತ್ಕಾಲದಲ್ಲಿ 2 ಶಿಲಿಂಗ್ (24 ಪೆನ್ಸ್) ದಾಟಿತು, ಅಂದರೆ ಮೂರು ಪಟ್ಟನ್ನೂ ಮೀರಿತು. ಹತ್ತಿಯ ಬೆಲೆ ಏರಿದಷ್ಟು ಬಟ್ಟೆಯ ಬೆಲೆ ಏರಲಿಲ್ಲ. ನೂತು ನಷ್ಟಪಡುವುದಕ್ಕಿಂತ ಗಿರಣಿಯ ಬಾಗಿಲು ಹಾಕಿ, ಇದ್ದ ಹತ್ತಿಯನ್ನು ಹಾಗೆಯೇ ಮಾರಿಕೊಳ್ಳುವುದು ಅನೇಕರಿಗೆ ಲಾಭದಾಯಕವಾಯಿತು. ಕೆಲಸಗಾರರು ಕೈಕಟ್ಟಿ ಕುಳಿತಿದ್ದ ಆ ದಿನಗಳಲ್ಲೇ ಲಿವರ್‌ಪೂಲಿನಿಂದ ಹತ್ತಿಯ ಹಡಗುಗಳು ಅಮೆರಿಕದ ಉತ್ತರ ರಾಜ್ಯಗಳತ್ತ ಹೊರಟದ್ದೂ ಉಂಟು! ಹಳೆಯ ದಾಸ್ತಾನು ಇಟ್ಟುಕೊಂಡಿದ್ದ ವ್ಯಾಪಾರಿಗಳಿಗೆ, 1861ರಲ್ಲಿ ಮಾರಾಟವಾಗದೆ ಉಳಿದಿದ್ದ ಬಟ್ಟೆಯೂ ಈಗ ಒಳ್ಳೆಯ ಲಾಭಕ್ಕೆ ಹೋಯಿತು. ಆದ್ದರಿಂದ 'ಹತ್ತಿಯ ಬರಗಾಲ' ಎಂದು ಕರೆಯುವ ಈ ಸಂಕಟ ಕೂಲಿಯವರ ಪಾಲಿಗೆ ಬಂದಂತೆ ಗೋದಾಮಿನವರ ಪಾಲಿಗೆ ಬರಲಿಲ್ಲ.

ಎರಡನೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. 1861ರ ಜನಗಣತಿಯಲ್ಲಿ ಸುಮಾರು 3,40,000 ಜನರಿದ್ದ ಮ್ಯಾಂಚೆಸ್ಟರ್, ಆ ಹೊತ್ತಿಗೆ ಗಿರಣಿಗಳ ಊರಾಗಿದ್ದುದಕ್ಕಿಂತ ಹೆಚ್ಚಾಗಿ ಪೇಟೆಯ ಊರಾಗಿತ್ತು. ಆಂಕೋಟ್ಸ್ ಭಾಗದಲ್ಲಿ ದೊಡ್ಡ ನೂಲಿನ ಗಿರಣಿಗಳಿದ್ದುದು ನಿಜ. ಆದರೂ ಬ್ಯಾಂಕುಗಳು, ಬಟ್ಟೆಯ ಗೋದಾಮುಗಳು, ರೈಲ್ವೆ, ಗಾರ್ಟನ್ನಿನಲ್ಲಿ 1854ರಲ್ಲಿ ಸ್ಥಾಪನೆಯಾಗಿ ರೈಲ್ವೆ ಎಂಜಿನ್ ಕಟ್ಟುತ್ತಿದ್ದ ಬೇಯರ್ ಪೀಕಾಕ್ ಕಾರ್ಖಾನೆ, ವಿಟ್ವರ್ಥ್ ಅವರ ಯಂತ್ರೋಪಕರಣದ ಕಾರ್ಖಾನೆ ಹೀಗೆ ಬೇರೆ ಆಧಾರಗಳೂ ಊರಿಗಿದ್ದವು. ಹತ್ತಿ ಬಿಟ್ಟರೆ ಗತಿಯಿಲ್ಲದ ಆಷ್ಟನ್, ಸ್ಟೇಲಿಬ್ರಿಜ್, ಬ್ಲ್ಯಾಕ್‌ಬರ್ನ್, ಪ್ರೆಸ್ಟನ್‌ಗಳಂಥ ಸುತ್ತಲಿನ ಊರುಗಳಿಗೆ ಬಿದ್ದ ಏಟು ಮ್ಯಾಂಚೆಸ್ಟರಿಗೆ ಅಷ್ಟು ಜೋರಾಗಿ ಬೀಳಲಿಲ್ಲ. ನ್ಯಾಯಾಲಯಕ್ಕಾಗಿ 1859ರಲ್ಲಿ ಆರಂಭವಾಗಿದ್ದ ಭಾರಿ ಕಟ್ಟಡದ ಕೆಲಸ ಆ ವರ್ಷವೂ ನಡೆದೇ ಇತ್ತು.

ಹಾಸುಹೊಕ್ಕು (ಉತ್ತರ)

ಕದಿರು ಅವರ ಲೆಕ್ಕಾಚಾರಕ್ಕೆ ನನ್ನ ತಕರಾರಿಲ್ಲ, ಆದರೆ 'ಅಷ್ಟು ಜೋರಾಗಿ ಬೀಳಲಿಲ್ಲ' ಎಂಬ ಮಾತನ್ನು ಆಂಕೋಟ್ಸಿನ ಕೆಲಸಗಾರ್ತಿಯೊಬ್ಬಳು ಒಪ್ಪುತ್ತಿದ್ದಳೋ ಇಲ್ಲವೋ! 1862ರ ನವೆಂಬರ್ ಹೊತ್ತಿಗೆ ಇಡೀ ಹತ್ತಿ ಸೀಮೆಯ ಕೆಲಸಗಾರರಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಜನರಿಗೆ ಕೆಲಸವಿರಲಿಲ್ಲ, ಡಿಸೆಂಬರಿನಲ್ಲಿ ಪರಿಹಾರದ ಮೇಲೆ ಬದುಕುತ್ತಿದ್ದವರ ಸಂಖ್ಯೆ 5 ಲಕ್ಷದ ಹತ್ತಿರಕ್ಕೆ ಬಂದಿತ್ತು.

ಈ ಇಳಿತ ಒಂದೇ ದಿನ ಆದದ್ದಲ್ಲ. ಮೊದಲು ಉಳಿತಾಯ ಬ್ಯಾಂಕಿನಲ್ಲಿ ಇಟ್ಟಿದ್ದ ಹಣ, ಸಹಕಾರಿ ಅಂಗಡಿಯಲ್ಲಿದ್ದ ಷೇರಿನ ಹಣ ಕರಗಿದವು; ಆಮೇಲೆ ಗಡಿಯಾರ, ಭಾನುವಾರದ ಉಡುಪು, ಹಾಸಿಗೆ ಹೊದಿಕೆ ಒಂದೊಂದಾಗಿ ಗಿರವಿ ಅಂಗಡಿ ಸೇರಿದವು; ಇಬ್ಬರು ಮೂವರು ಸಂಸಾರಸ್ಥರು ಒಂದೇ ಮನೆಯಲ್ಲಿ ಕೂಡಿಕೊಂಡು ಬಾಡಿಗೆ ಉಳಿಸಿದರು; ಇವೆಲ್ಲ ಮುಗಿದ ಮೇಲೆಯೇ ಗತಿಯಿಲ್ಲದವರಿಗೆ ನೆರವು ಕೊಡುವ 'ಬಡವರ ಕಾಯಿದೆ'ಯ ಅಧಿಕಾರಿಗಳ ಮುಂದೆ ಹೋಗಿ ನಿಂತದ್ದು. ಅಲ್ಲಿ ಪರಿಹಾರ ಬೇಕೆಂದರೆ ಕಲ್ಲು ಒಡೆಯಬೇಕು, ಇಲ್ಲವೇ ಹಳೆಯ ಹಡಗಿನ ಹಗ್ಗವನ್ನು ಬಿಡಿಸಿ ನಾರು ಮಾಡಬೇಕು. ಸೂಕ್ಷ್ಮವಾದ ಎಳೆ ಹಿಡಿದು ಪಳಗಿದ ಬೆರಳುಗಳಿಗೆ ಕಲ್ಲು ಒಡೆಯುವ ಕೆಲಸ ಕೊಟ್ಟದ್ದು ಜನರಿಗೆ ಹಸಿವಿಗಿಂತ ಹೆಚ್ಚು ಅವಮಾನವೆನಿಸಿತು. ಮ್ಯಾಂಚೆಸ್ಟರಿನಲ್ಲಿ ಕೇಂದ್ರ ಪರಿಹಾರ ಸಮಿತಿ ಏರ್ಪಟ್ಟು ದೇಣಿಗೆ ಹರಿದು ಬಂದ ಮೇಲೆ ಪದ್ಧತಿ ಸ್ವಲ್ಪ ಬದಲಾಯಿತು. ಹುಡುಗಿಯರಿಗೆ ಹೊಲಿಗೆ ಶಾಲೆಗಳು ಶುರುವಾದವು, ಗಂಡಸರು ಬೆಂಚಿನ ಮೇಲೆ ಕುಳಿತು ಓದು ಬರಹ ಕಲಿತರೆ ಅದನ್ನೇ ಕೆಲಸವೆಂದು ಎಣಿಸಿ ಪರಿಹಾರ ಕೊಡುವ ಏರ್ಪಾಡಾಯಿತು. ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಕೌಂಟಿ ಸಭೆಯೊಂದರಲ್ಲೇ 1,30,000 ಪೌಂಡು ವಾಗ್ದಾನವಾಯಿತು, ಡರ್ಬಿಯ ಅರ್ಲ್ ಒಬ್ಬರೇ 5,000 ಪೌಂಡು ಕೊಟ್ಟರು.

ಇನ್ನು ಕೆಲಸ ಉಳಿದವರ ಪಾಡು. ಅಮೆರಿಕದ ಹತ್ತಿ ಸಿಗದೆ ಅವರ ಕೈಗೆ ಬಂದದ್ದು 'ಸೂರತ್'. ಪಶ್ಚಿಮ ಭಾರತದ ಹತ್ತಿಗೆಲ್ಲ ಅಲ್ಲಿ ಇದೊಂದೇ ಹೆಸರು. ಎಳೆ ಗಿಡ್ಡ, ಅದರಲ್ಲಿ ಒಡೆದ ಬೀಜ, ಎಲೆಯ ಚೂರು, ಮರಳು, ಮೇಲಿಂದ ಕಲ್ಲಿನಂತೆ ಒತ್ತಿ ಕಟ್ಟಿದ ಅಂಡಿಗೆ. ಅಮೆರಿಕದ ಹತ್ತಿಗೆ ಹೊಂದಿಸಿದ್ದ ಯಂತ್ರಗಳ ಮೇಲೆ ಅದನ್ನು ಹಾಕಿದರೆ ಎಳೆ ಮತ್ತೆ ಮತ್ತೆ ಕಡಿಯುತ್ತಿತ್ತು, ಕಡಿದಾಗಲೆಲ್ಲ ಕೂಡಿಸಬೇಕು, ಕೂಡಿಸುವಷ್ಟು ಹೊತ್ತು ಮಾಲು ಹೊರಡುವುದಿಲ್ಲ. ಕೂಲಿ ಮಾಲಿನ ಲೆಕ್ಕದಲ್ಲಿದ್ದುದರಿಂದ ದುಡಿಮೆ ಹೆಚ್ಚಿ ಸಂಬಳ ಇಳಿಯಿತು. ಹಾಸು, ಅಂದರೆ ಮಗ್ಗದ ಉದ್ದದ ಎಳೆ, ಗಟ್ಟಿಯಾಗಲೆಂದು ಮಾಲೀಕರು ಹಿಟ್ಟಿನ ಗಂಜಿಗೆ ಬಿಳಿ ಜೇಡಿಯನ್ನು ಧಾರಾಳವಾಗಿ ಬೆರೆಸತೊಡಗಿದರು, ಮಗ್ಗ ನಡೆದಾಗ ಆ ಪುಡಿಯೆಲ್ಲ ಗಾಳಿಯಲ್ಲಿ. ಆಗಿನ ಲಾಳಿಯ ಕಣ್ಣಿನೊಳಗಿಂದ ಎಳೆ ಹೊರತೆಗೆಯಲು ನೇಯುವವಳು ಬಾಯಿ ಹಚ್ಚಿ ಹೀರಬೇಕಿತ್ತು. ಎಳೆ ಕಡಿದಷ್ಟು ಸಲವೂ ಹತ್ತಿಯ ಕಸವೂ ಧೂಳೂ ಅವಳ ಬಾಯಿಗೆ ಹೋಗುತ್ತಿದ್ದವು.

ಕುಮಟಾ ದಾರಿ (ಉತ್ತರ)

ಧಾರವಾಡದ ವಿಷಯ ಇನ್ನೂ ಬಂದಿಲ್ಲವಾದ್ದರಿಂದ ನಾಲ್ಕು ಮಾತು. ಹಾಸುಹೊಕ್ಕು ಅವರು ಹೇಳಿದ 'ಸೂರತ್' ರಾಶಿಯೊಳಗೆ ನಮ್ಮ ಹತ್ತಿಯೂ ಇತ್ತು, ಆದರೆ ಅದರಲ್ಲಿ ಎರಡು ಜಾತಿ. ಒಂದು ಜವಾರಿ, ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ವ್ಯಾಪಾರದಲ್ಲಿ ಅದಕ್ಕೆ 'ಕುಮಟಾ' ಹತ್ತಿಯೆಂದೇ ಹೆಸರು ಬಿತ್ತು. ಇನ್ನೊಂದು 1840ರ ದಶಕದಲ್ಲಿ ಕಂಪನಿ ಸರಕಾರ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಬೆಳೆಸಿದ ವಿಲಾಯತಿ ಹತ್ತಿ. ಭಾರತದ ಹಲವು ಕಡೆ ಸೋತ ಆ ಪ್ರಯೋಗ ಧಾರವಾಡ ಸೀಮೆಯಲ್ಲಿ ನೆಲೆ ನಿಂತಿತು. ಬೀಜ ಬಿಡಿಸಲು ಗರಗಸದ ಹಲ್ಲಿನ ಜಿನ್ನುಗಳೂ ಬಂದವು. ಹೀಗಾಗಿ 1862ರಲ್ಲಿ ಮ್ಯಾಂಚೆಸ್ಟರಿನವರ ಕಣ್ಣು ಇಲ್ಲಿ ಬಿದ್ದದ್ದು ಆಕಸ್ಮಿಕವಲ್ಲ.

ಅವರು ಅದಕ್ಕಾಗಿಯೇ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದನ್ನು ಕಟ್ಟಿ, ಕಾರವಾರದ ಪಕ್ಕದ ಸದಾಶಿವಗಡದಲ್ಲಿ ಹತ್ತಿ ಒತ್ತುವ ವ್ಯವಸ್ಥೆ ಮಾಡಿ, ನೇರವಾಗಿ ಇಂಗ್ಲೆಂಡಿಗೆ ಸಾಗಿಸುವ ಯೋಜನೆ ಹಾಕಿದರು. ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದೂ 1862ರಲ್ಲೇ. ಹತ್ತಿ ಬೆಳೆಯುವ ಜಿಲ್ಲೆಯೂ ಅದಕ್ಕೆ ಬೇಕಾದ ಬಂದರೂ ಬೇರೆ ಬೇರೆ ಸರಕಾರಗಳ ಕೈಯಲ್ಲಿದ್ದರೆ ರಸ್ತೆ ಆಗುವುದಿಲ್ಲವೆಂಬುದು ಅದರ ಹಿಂದಿನ ದೊಡ್ಡ ಕಾರಣ. ಆದರೆ ಯಂತ್ರ ಬಂದಷ್ಟು ಬೇಗ ಘಟ್ಟದ ರಸ್ತೆ ಬರಲಿಲ್ಲ. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ, ಬಂಡಿಗಳು ಕುಮಟೆಯ ದಾರಿಯನ್ನು ಬಿಡಲಿಲ್ಲ. ಹುಬ್ಬಳ್ಳಿಗೆ ರೈಲು ಬರಲು 1880ರ ದಶಕವೇ ಆಗಬೇಕಾಯಿತು.

ಎರೆಹೊಲ

ಮೂವರಿಗೂ ಕೃತಜ್ಞತೆಗಳು. ಒಂದು ಉಪಪ್ರಶ್ನೆ ಉಳಿದಿದೆ. ಹಸಿದಿದ್ದರೂ ಮ್ಯಾಂಚೆಸ್ಟರಿನ ಕೆಲಸಗಾರರು ಗುಲಾಮಗಿರಿಯ ವಿರುದ್ಧ ನಿಂತು ಲಿಂಕನ್ನರಿಗೆ ಪತ್ರ ಬರೆದರೆಂದು ಓದಿದ್ದೇನೆ. ಅದು ಎಷ್ಟರ ಮಟ್ಟಿಗೆ ನಿಜ? ಹಾಗೆಯೇ, ಏರಿದ ಬೆಲೆ ನಮ್ಮ ರೈತರ ಕೈಯಲ್ಲಿ ಉಳಿಯಿತೇ?

ಕದಿರು

ಪತ್ರ ನಿಜ. 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭೆ ಸೇರಿ, ಮರುದಿನ ಜಾರಿಗೆ ಬರಲಿದ್ದ ಗುಲಾಮರ ವಿಮೋಚನಾ ಘೋಷಣೆಯನ್ನು ಬೆಂಬಲಿಸಿ ಲಿಂಕನ್ನರಿಗೆ ಮನವಿ ಕಳುಹಿಸಿದರು. 1863ರ ಜನವರಿ 19ರಂದು ಅವರು ಉತ್ತರ ಬರೆದರು. ಆದರೆ ಇಡೀ ಲ್ಯಾಂಕಾಷೈರ್ ಒಂದೇ ಮನಸ್ಸಿನದಾಗಿತ್ತು ಎನ್ನುವುದು ಮುಂದೆ ಬೆಳೆದ ಕಥೆ. ದಿಗ್ಬಂಧನವನ್ನು ಒಡೆಯಬೇಕು, ದಕ್ಷಿಣವನ್ನು ಮಾನ್ಯ ಮಾಡಬೇಕು ಎಂದ ಸಭೆಗಳೂ ಗಿರಣಿ ಊರುಗಳಲ್ಲಿ ನಡೆದಿವೆ, ಲಿವರ್‌ಪೂಲಿನ ವ್ಯಾಪಾರಿಗಳಲ್ಲಂತೂ ದಕ್ಷಿಣದ ಪರ ಒಲವೇ ಹೆಚ್ಚು. ಜನ ಎಲ್ಲವನ್ನೂ ಮೌನವಾಗಿ ಸಹಿಸಿದರೆಂಬುದನ್ನೂ ಪೂರ್ತಿ ಒಪ್ಪಲಾಗದು. ಪರಿಹಾರವನ್ನು ನಗದಿನ ಬದಲು ಅಂಗಡಿಯ ಚೀಟಿಯಲ್ಲಿ ಕೊಡಲು ಹೋದದ್ದಕ್ಕೆ 1863ರ ಮಾರ್ಚ್‌ನಲ್ಲಿ ಸ್ಟೇಲಿಬ್ರಿಜ್‌ನಲ್ಲಿ ಗಲಭೆಯಾಯಿತು, ಕುದುರೆ ಸೈನಿಕರು ಬರಬೇಕಾಯಿತು. ರಸ್ತೆ, ಚರಂಡಿ, ಉದ್ಯಾನಗಳ ಕೆಲಸಕ್ಕೆ ಊರುಗಳಿಗೆ ಸಾಲ ಕೊಡುವ ಕಾಯಿದೆ ಬಂದದ್ದು ಆ ವರ್ಷವೇ. ಓಲ್ಡ್‌ಹ್ಯಾಮಿನ ಅಲೆಕ್ಸಾಂಡ್ರಾ ಪಾರ್ಕ್ ಹಾಗೆ ಆದದ್ದು.

ಕುಮಟಾ ದಾರಿ

ರೈತರ ಬಗೆಗೆ: ಎರಡು ಮೂರು ವರ್ಷ ಬೆಳ್ಳಿ ಬಂದದ್ದು ಸುಳ್ಳಲ್ಲ, ಆದರೆ ಅದರಲ್ಲಿ ಸಾಹುಕಾರರ, ದಲಾಲಿಗಳ ಪಾಲು ದೊಡ್ಡದು. ಬೆಲೆ ಏರಿದಂತೆ ಜವಾರಿಯನ್ನು ವಿಲಾಯತಿಯೊಂದಿಗೆ ಬೆರೆಸುವುದು, ಬೀಜ ಮಣ್ಣು ಸೇರಿಸಿ ತೂಕ ಹೆಚ್ಚಿಸುವುದೂ ಏರಿತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸದ ವಿರುದ್ಧ ಕಾಯಿದೆಯನ್ನೇ ತಂದಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿಗೆ ಬೆಲೆ ಕುಸಿದು ಮುಂಬಯಿಯ ಬ್ಯಾಂಕುಗಳೂ ಷೇರು ಕಂಪನಿಗಳೂ ಮುಳುಗಿದಾಗ, ಏರಿದ ಬೆಲೆಯನ್ನು ನಂಬಿ ಸಾಲ ಮಾಡಿ ಎತ್ತು, ಹೊಲ ಕೊಂಡಿದ್ದವರ ತಲೆಯ ಮೇಲೆ ಆ ಸಾಲ ಹಾಗೆಯೇ ಉಳಿಯಿತು.