ಚಾರ್ಮಾಡಿ ಹತ್ತುವಾಗ ಹೀಟ್ ಮುಳ್ಳು ಕೆಂಪಿಗೆ ಹೋಯಿತು, ಆಮೇಲೆ ತಾನಾಗಿಯೇ ಇಳಿಯಿತು. ಮತ್ತೆ ಇಂಜಿನ್ ಯಾಕೆ ಹೋಯಿತು?

ಹಳೇಗಾಡಿ_ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಚಿಕ್ಕ ಪೆಟ್ರೋಲ್ ಕಾರು. 94,000 ಕಿ.ಮೀ. ಓಡಿದೆ. ಇದುವರೆಗೆ ದಾರಿಯಲ್ಲಿ ಕೈಕೊಟ್ಟಿರಲಿಲ್ಲ.

ಹೋದ ಭಾನುವಾರ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಉಜಿರೆಯಲ್ಲಿ ಕೊಂಡ ತೆಂಗಿನಕಾಯಿ ಮೂಟೆ, ಅಮ್ಮ ಬಿಡದೆ ತೆಗೆದುಕೊಂಡ ಒಂದು ಹಲಸಿನ ಹಣ್ಣು. ಮಧ್ಯಾಹ್ನ ಒಂದು ಗಂಟೆ ಬಿಸಿಲು, ಎಸಿ ಹಾಕಿದ್ದೆ. ಘಾಟಿಯಲ್ಲಿ ಸಾಲುಗಟ್ಟಿ ಗಾಡಿಗಳು. ಎರಡನೇ ಗೇರಿಗೆ ಹಾಕಿದರೆ ಇಂಜಿನ್ ಕಿರುಚುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂತ ಮೂರರಲ್ಲೇ ಎಳೆಯುತ್ತಿದ್ದೆ.

ಅಣ್ಣಪ್ಪಸ್ವಾಮಿ ಗುಡಿ ಇನ್ನೂ ಎರಡು ತಿರುವು ಮೇಲಿತ್ತು. ಅಮ್ಮ ಹಿಂದಿನಿಂದ "ಏನೋ ಬೆಲ್ಲದ ಪಾಕ ಸೀದ ವಾಸನೆ ಬರ್ತಿದೆಯಲ್ಲೋ" ಅಂದರು. ನೋಡುತ್ತೇನೆ, ಹೀಟ್ ಮುಳ್ಳು ಕೆಂಪು ಗೆರೆ ದಾಟಿದೆ. ಬಾನೆಟ್ ಸಂದಿಯಿಂದ ಹೊಗೆ. ಪಕ್ಕಕ್ಕೆ ನಿಲ್ಲಿಸಿದೆ. ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ನಾನು ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಎದುರಿಂದ ಬಂದ ಜೀಪಿನವರು "ಮುಟ್ಬೇಡಿ ಮಾರಾಯ್ರೆ!" ಅಂತ ಕೂಗಿದರು. ಬಿಟ್ಟುಬಿಟ್ಟೆ.

ಹತ್ತು ನಿಮಿಷ ಕಾದೆವು. ಸ್ಟಾರ್ಟ್ ಮಾಡಿದರೆ ಮುಳ್ಳು ಪೂರ್ತಿ ಕೆಳಗಿದೆ. ಯಾವತ್ತೂ ನಿಲ್ಲುವ ಜಾಗಕ್ಕಿಂತಲೂ ಕೆಳಗೆ. ತಣ್ಣಗಾಯಿತು ಅಂತ ಖುಷಿಯಾಗಿ ಹೊರಟೆ. ಎರಡು ಕಿಲೋಮೀಟರ್ ಹೋಗಿರಬಹುದು, ಪುಲ್ಲಿಂಗ್ ಹೋಯಿತು, ಒಳಗೆ ಟಕಟಕ ಸದ್ದು, ಗಾಡಿ ನಿಂತೇ ಹೋಯಿತು. ಮುಳ್ಳು ಆಗಲೂ ಕೆಳಗೇ ಇತ್ತು! ಒಬ್ಬ ಪಿಕಪ್ ಅಣ್ಣ ಹಗ್ಗ ಕಟ್ಟಿ ಕೊಟ್ಟಿಗೆಹಾರದ ತನಕ ಎಳೆದುಕೊಂಡು ಬಂದರು.

ಈಗ ಗಾಡಿ ಗ್ಯಾರೇಜಿನಲ್ಲಿದೆ. ಹೆಡ್ (ಇಂಜಿನ್ನಿನ ಮೇಲ್ಭಾಗ) ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬೆಂಡ್ ಆಗಿದೆ, ಲೇತಿಗೆ ಕೊಟ್ಟು ಸಮ ಮಾಡಿಸಬೇಕು, ಎಲ್ಲ ಸೇರಿ 22,000 ಅನ್ನುತ್ತಿದ್ದಾರೆ. ನನಗೆ ನಂಬಿಕೆ ಬರುತ್ತಿಲ್ಲ. ಮುಳ್ಳು ಇಳಿದಿತ್ತಲ್ಲ? ಇಳಿದ ಮೇಲೆ ಓಡಿಸಿದರೆ ತಪ್ಪೇನು?

ಇನ್ನೊಂದು ಮಾತು. ತಿಂಗಳಿಗೊಮ್ಮೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಡಬ್ಬಿಗೆ ಅರ್ಧ ಲೀಟರ್ ಬೋರ್‌ವೆಲ್ ನೀರು ಹಾಕುತ್ತಿದ್ದೆ. ಎಸಿ ಕೂಡ ಒಂದು ತಿಂಗಳಿಂದ ಓಡುವಾಗ ತಣ್ಣಗಿರುತ್ತದೆ, ನಿಂತರೆ ಬಿಸಿ ಗಾಳಿ ಬರುತ್ತದೆ. ಗ್ಯಾಸ್ ಕಡಿಮೆ ಇರಬೇಕು ಅಂತ ಸುಮ್ನಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಕಾಫಿಗಿಡ

ಅಯ್ಯೋ, ಹೊಟ್ಟೆ ಉರಿಯಿತು ಓದಿ. ನಮ್ಮ ತೋಟದ ಜೀಪಿಗೂ ಹೀಗೇ ಆಗಿತ್ತು. ನಾವು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡಿದೆವು. ಆಮೇಲೆ ಹೀಟ್ ಅನ್ನುವ ಮಾತೇ ಇಲ್ಲ. ನೀವೂ ತೆಗೆಸಿಬಿಡಿ.

ನಿವೃತ್ತ_ಸ್ಟೇರಿಂಗ್

ತಮ್ಮಾ, ನಾನು 31 ವರ್ಷ ಬಸ್ ಓಡಿಸಿದವನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಘಾಟಿ ರೂಟು. ಆಗುಂಬೆ, ಚಾರ್ಮಾಡಿ, ಶಿರಾಡಿ ಮೂರೂ ಮಾಡಿದ್ದೇನೆ. ಮೆಕ್ಯಾನಿಕ್ ಅಲ್ಲ, ರಿಪೇರಿ ಮಾತು ಬೇರೆಯವರು ಹೇಳಲಿ. ಓಡಿಸುವ ವಿಷಯ ಹೇಳುತ್ತೇನೆ.

ಮೊದಲು ನಿಮ್ಮ ಮುಳ್ಳಿನ ಕಥೆ. ಆ ಮುಳ್ಳು ತೋರಿಸುವುದು ಇಂಜಿನ್ ಬಿಸಿ ಅಲ್ಲ, ನೀರಿನ ಬಿಸಿ. ಒಳಗೆ ಒಂದು ಸೆನ್ಸರ್ ನೀರಿನಲ್ಲಿ ಮುಳುಗಿಕೊಂಡಿರುತ್ತದೆ. ನೀರೆಲ್ಲ ಆವಿಯಾಗಿ ಹೋದ ಮೇಲೆ ಅದಕ್ಕೆ ಸರಿಯಾಗಿ ಬಿಸಿ ತಾಗುವುದಿಲ್ಲ. ಪಾಪ, ಮುಳ್ಳು ಕೆಳಗೆ ಬೀಳುತ್ತದೆ. ಒಲೆ ಮೇಲಿನ ಪಾತ್ರೆ ಬತ್ತಿ ತಳ ಹಿಡಿಯುತ್ತಿರುವಾಗ ನೀವು ಸಾರು ಆರಿತು ಅಂದುಕೊಂಡಿರಿ. ಹತ್ತು ನಿಮಿಷದಲ್ಲಿ ಯಾವ ಇಂಜಿನ್ನೂ ಅಷ್ಟು ತಣ್ಣಗಾಗುವುದಿಲ್ಲ. ಕೆಂಪಿಗೆ ಹೋದ ಮುಳ್ಳು ತಟ್ಟನೆ ತಳಕ್ಕೆ ಬಿದ್ದರೆ ಇನ್ನೂ ಹೆದರಬೇಕು.

ಎರಡನೆಯದು ಗೇರು. ಮೂರರಲ್ಲಿ ಎಳೆದೆ ಅಂದಿರಲ್ಲ, ಅಲ್ಲೇ ಅರ್ಧ ಕೆಲಸ ಕೆಟ್ಟಿತು. ಇಂಜಿನ್ ನಿಧಾನಕ್ಕೆ ತಿರುಗಿದರೆ ನೀರಿನ ಪಂಪೂ ನಿಧಾನ. ಹೊರೆ ಮಾತ್ರ ಪೂರ್ತಿ. ಗುರುಗುರು ಅಂತ ಒದ್ದಾಡುತ್ತಾ ಹತ್ತುವ ಗಾಡಿಗಿಂತ, ಎರಡರಲ್ಲಿ ಹಗುರವಾಗಿ ತಿರುಗುತ್ತಾ ಹತ್ತುವ ಗಾಡಿ ತಣ್ಣಗಿರುತ್ತದೆ. ಕಿರುಚಲಿ ಬಿಡಿ, ಏನೂ ಆಗುವುದಿಲ್ಲ. ಮುಂದಿನ ಗಾಡಿಯ ಬಾಲ ಹಿಡಿದು ಹೋಗಲೂ ಬೇಡಿ. ಜಾಗ ಬಿಟ್ಟರೆ ನಿಮ್ಮ ರೇಡಿಯೇಟರಿಗೆ ಗಾಳಿ ಸಿಗುತ್ತದೆ, ತಿರುವಿನ ನಡುವೆ ನಿಂತು ಮತ್ತೆ ಕ್ಲಚ್ ಸುಡುವ ಕೆಲಸವೂ ಇಲ್ಲ.

ನಮ್ಮ ಕಾಲದ ಬಸ್ಸಿನಲ್ಲಿ ಇಂಜಿನ್ ಡ್ರೈವರ್ ಪಕ್ಕದಲ್ಲೇ ಕೂತಿರುತ್ತಿತ್ತು. ಮೇಲೆ ಒಂದು ಮುಚ್ಚಳ, ಅದರ ಮೇಲೆ ಕಂಡಕ್ಟರ್ ಚೀಲ, ಒಮ್ಮೊಮ್ಮೆ ಯಾರದೋ ಕೋಳಿ. ಮುಳ್ಳು ಕೆಟ್ಟಿದ್ದರೂ ಎಡಗಾಲಿಗೆ ಗೊತ್ತಾಗುತ್ತಿತ್ತು. ಕಾಲು ಚುರುಗುಟ್ಟಿದರೆ ನಿಲ್ಲಿಸು, ಅಷ್ಟೇ. ಈಗಿನ ಕಾರಿನಲ್ಲಿ ಏನೂ ತಾಗುವುದಿಲ್ಲ. ಅದಕ್ಕೇ ಪ್ರತಿ ತಿರುವು ಮುಗಿದ ಮೇಲೆ ಒಂದು ಸಲ ಮುಳ್ಳು ನೋಡುವ ಅಭ್ಯಾಸ ಬೇಕು.

ಮೂರನೆಯದು ಮುಚ್ಚಳ. ಆ ಜೀಪಿನವರಿಗೆ ಒಂದು ಕಾಯಿ ಒಡೆಸಿ. 1988ರಲ್ಲಿ, ಕೆಲಸಕ್ಕೆ ಸೇರಿದ ಹೊಸತು, ಆಗುಂಬೆಯಲ್ಲಿ ನಾನೂ ನಿಮ್ಮ ಹಾಗೇ ಗೋಣಿ ತಾಟು ಸುತ್ತಿ ತಿರುಗಿಸಿದೆ. ಮುಚ್ಚಳ ಹಾರಿ ಎಲ್ಲಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಬಲ ಮುಂಗೈಯಿಂದ ಮೊಣಕೈ ತನಕ ಸಿಪ್ಪೆ ಎದ್ದಿತ್ತು. ಕಲೆ ಈಗಲೂ ಇದೆ, ಮೊಮ್ಮಗಳು ಅದನ್ನು ಭೂಪಟ ಅನ್ನುತ್ತಾಳೆ. ಮುಖ ಪಕ್ಕಕ್ಕಿತ್ತು, ಕಣ್ಣು ಉಳಿಯಿತು. ರೇಡಿಯೇಟರ್ ಅಂದರೆ ಕುಕ್ಕರ್. ವಿಸಿಲ್ ಇಳಿಯದೆ ಕುಕ್ಕರ್ ತೆಗೆಯುತ್ತೀರಾ?

ಕನಿಷ್ಠ ಮುಕ್ಕಾಲು ಗಂಟೆ ಬಿಡಬೇಕು. ಆಮೇಲೆ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಹಿಡಿದು ಅದುಮಿ ನೋಡಿ. ಕಲ್ಲಿನ ಹಾಗಿದ್ದರೆ ಒಳಗೆ ಇನ್ನೂ ಒತ್ತಡ ಇದೆ. ಮೆತ್ತಗಾಗಿದ್ದರೆ ಒದ್ದೆ ಬಟ್ಟೆ ಹಾಕಿ, ಮುಖ ಆಚೆ ಮಾಡಿ, ಸ್ವಲ್ಪವೇ ತಿರುಗಿಸಿ ನಿಲ್ಲಿ. ಬುಸ್ ಅನ್ನುವುದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಬಿಸಿ ಇಂಜಿನ್ನಿಗೆ ಹಳ್ಳದ ತಣ್ಣೀರು ಸುರಿಯಬೇಡಿ, ಒಳಗೂ ಬೇಡ, ಮೇಲೂ ಬೇಡ. ಕಾದ ಕಾವಲಿಗೆ ನೀರು ಹಾಕಿದ ಹಾಗೆ, ಹೆಡ್ ಸೀಳಬಹುದು.

ಕೊನೆಗೆ ಒಂದು ಪ್ರಶ್ನೆ. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ತೆಗೆದಿರಾ?

ಗ್ಯಾರೇಜ್_ಹುಡುಗ

ಅಣ್ಣಾ ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಹಾಸನದಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಹಳೇಗಾಡಿ ಸರ್, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಂತಾಗ ಎಸಿ ಬಿಸಿ, ಓಡುವಾಗ ತಣ್ಣಗೆ ಅಂದರೆ ಗ್ಯಾಸ್‌ಗಿಂತ ಮೊದಲು ಫ್ಯಾನ್ ನೋಡಬೇಕು. ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇರುತ್ತದೆ, ಗಾಳಿ ಎರಡಕ್ಕೂ ಒಂದೇ. ಊರಲ್ಲಿ 40-50ರಲ್ಲಿ ಓಡುವಾಗ ಎದುರು ಗಾಳಿಯೇ ಸಾಕಾಗಿ ನಿಮಗೆ ಗೊತ್ತಾಗಲಿಲ್ಲ. ಘಾಟಿಯಲ್ಲಿ 15ರಲ್ಲಿ ಹತ್ತುವಾಗ ಎದುರು ಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಮೋಟಾರ್ ಇರಬಹುದು, ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ಇರಬಹುದು, ಬರೀ ಒಂದು ಫ್ಯೂಸೂ ಇರಬಹುದು. ಮನೆ ಮುಂದೆ ಪರೀಕ್ಷೆ ಸುಲಭ: ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಸಿ ಹಾಕಿ. ಬಹಳಷ್ಟು ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಬಾನೆಟ್ ತೆಗೆದು ನೋಡುವಾಗ ಕೈ ದೂರ ಇರಲಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಅದು ತಟ್ಟನೆ ತಿರುಗುತ್ತದೆ.

ಇನ್ನು ಅರ್ಧ ಲೀಟರ್. ಕೂಲೆಂಟ್ ಪೆಟ್ರೋಲ್ ಅಲ್ಲ ಸರ್, ಖರ್ಚಾಗಬಾರದು. ತಿಂಗಳಿಗೆ ಅರ್ಧ ಲೀಟರ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹೋಸ್ ಕ್ಲಿಪ್, ನೀರಿನ ಪಂಪು, ಮುಚ್ಚಳದ ರಬ್ಬರ್, ಇಲ್ಲವೇ ಗ್ಯಾಸ್ಕೆಟ್ ಆಗಲೇ ಸ್ವಲ್ಪ ಬಿಟ್ಟಿರಬಹುದು. ಅಮ್ಮನಿಗೆ ಬಂದ ಬೆಲ್ಲದ ವಾಸನೆ ಕೂಲೆಂಟಿನದೇ, ಅದರ ಗ್ಲೈಕಾಲ್ ಸಿಹಿ ವಾಸನೆ. ಅಮ್ಮ ನಿಮ್ಮ ಮುಳ್ಳಿಗಿಂತ ಮೊದಲೇ ಹೇಳಿದರು! ಬೋರ್‌ವೆಲ್ ನೀರು ಬೇಡವೇ ಬೇಡ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ವಾ, ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ, ಜೊತೆಗೆ ತುಕ್ಕು. ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ಬಾಟಲಿ ನೀರು ಹಾಕಿ ಮನೆ ಸೇರಿ, ಆಮೇಲೆ ಎಲ್ಲ ತೆಗೆದು ಕೂಲೆಂಟ್ ತುಂಬಿಸಿ. ಕೂಲೆಂಟಿನಲ್ಲಿ ಹಾಗೇ ಹಾಕುವಂಥದ್ದು ಬೇರೆ, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸುವಂಥದ್ದು ಬೇರೆ. ಡಬ್ಬಿ ಮೇಲೆ ಓದಿ.

ಅಣ್ಣನ ಕುಕ್ಕರ್ ಮಾತು ನೂರಕ್ಕೆ ನೂರು ನಿಜ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಒತ್ತಡ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಹೋಗುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಒಟ್ಟಿಗೇ ಕುದಿದು ಮುಖಕ್ಕೆ ಬರುತ್ತದೆ.

ಕಾಫಿಗಿಡ ಅಣ್ಣಾ, ಬೇಜಾರಾಗಬೇಡಿ, ವಾಲ್ವ್ ಕೀಳುವುದು ತಪ್ಪು. ಅದು ಸುಮಾರು 82-88 ಡಿಗ್ರಿಗೆ ತೆರೆದುಕೊಳ್ಳುತ್ತದೆ, ಅಲ್ಲಿವರೆಗೆ ಇಂಜಿನ್ ಬೇಗ ಬಿಸಿಯಾಗಲಿ ಅಂತ ಮುಚ್ಚಿರುತ್ತದೆ. ತೆಗೆದರೆ ಈಗಿನ ಗಾಡಿಯ ಕಂಪ್ಯೂಟರ್ ಇಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ.

22,000 ಸರಿಯೋ ತಪ್ಪೋ ಫೋಟೋ ನೋಡದೆ ಹೇಳಲಾರೆ. ನೀವೇ ಹೋಗಿ ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಜಾಸ್ತಿಯಾದ ಟೀ ಬಣ್ಣದ ನೊರೆ ಇದ್ದರೆ ಆಯಿಲಿಗೆ ನೀರು ಸೇರಿದೆ, ಅವರು ಸುಳ್ಳು ಹೇಳುತ್ತಿಲ್ಲ. ಹೆಡ್ ಬಿಚ್ಚಿದ ಮೇಲೆ ಸ್ಟ್ರೈಟ್ ಎಡ್ಜ್ (ನೇರವಾದ ಪಟ್ಟಿ) ಇಟ್ಟು ಸಂದಿ ಅಳೆದು ತೋರಿಸಿ ಅನ್ನಿ. ಎಷ್ಟು ಬಾಗಿದ್ದರೆ ಲೇತು ಅಂತ ಕಂಪನಿ ಲೆಕ್ಕ ಇರುತ್ತದೆ, ಅದು ಕೂದಲೆಳೆಯಷ್ಟು ಚಿಕ್ಕದು. ಟಕಟಕ ಸದ್ದು ಬಂದಿದೆ ಅಂದಿರಿ, ಬೇರಿಂಗ್ ಕೂಡ ನೋಡಿಸಿ. ಎಲ್ಲಕ್ಕಿಂತ ಮುಖ್ಯ, ಫ್ಯಾನ್ ಸರಿ ಮಾಡದೆ ಹೆಡ್ ಕೂರಿಸಿದರೆ ಮುಂದಿನ ಘಾಟಿಯಲ್ಲಿ ಮತ್ತೆ ಇದೇ ಕಥೆ.

ಶಿರಾಡಿ_ಸೊಸೆ

ನನ್ನದೂ ಒಂದು. ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುವಾಗ ಮುಳ್ಳು ಏರಲು ಶುರುವಾಯಿತು. ಕೆಂಪಿಗೆ ಇನ್ನೂ ಹೋಗಿರಲಿಲ್ಲ. ಪಕ್ಕದಲ್ಲಿ ನಿಲ್ಲಿಸಲು ಜಾಗವೇ ಇಲ್ಲ, ಹಿಂದೆ ಸಾಲು ಲಾರಿ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ನಾಲ್ಕಕ್ಕೆ ಇಟ್ಟೆ. ಕಿಟಕಿ ನಾಲ್ಕೂ ಇಳಿಸಿದೆ. ಏಪ್ರಿಲ್ ತಿಂಗಳು! ನಮ್ಮತ್ತೆ "ಇವಳಿಗೆ ತಲೆ ಕೆಟ್ಟಿದೆ" ಅಂತ ಮಗನಿಗೆ ಅಲ್ಲೇ ಫೋನ್ ಮಾಡಲು ಹೋದರು, ಪುಣ್ಯಕ್ಕೆ ಸಿಗ್ನಲ್ ಇರಲಿಲ್ಲ. ಮುಳ್ಳು ಒಂದು ಗೆರೆ ಇಳಿಯಿತು. ಅಗಲ ಜಾಗ ಸಿಗುವ ತನಕ ಹಾಗೇ ಹೋಗಿ ನಿಲ್ಲಿಸಿದೆ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್ ಅಂತ ಅಪ್ಪ ಕಾರು ಕಲಿಸುವಾಗ ಹೇಳಿಕೊಟ್ಟಿದ್ದರು. ಆದರೆ ಇದು ಏರುತ್ತಿರುವಾಗ ಮಾತ್ರ. ಹೊಗೆ ಬಂದರೆ ಜಾಗ ಇರಲಿ ಇಲ್ಲದಿರಲಿ ನಿಲ್ಲಿಸಲೇಬೇಕು.

ನಿಂತ ಮೇಲೆ ಯಾರೂ ಕಾರಿನೊಳಗೆ, ಕಾರಿನ ಹಿಂದೆ ಇರಬಾರದು. ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನವನ್ನು ತಿರುವಿನ ಹಿಂದೆ, ಬರುವವರಿಗೆ ತಿರುಗುವ ಮೊದಲೇ ಕಾಣುವ ಹಾಗೆ ಇಡಿ. ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112. ಸಿಗ್ನಲ್ ಇಲ್ಲದಿದ್ದರೆ ಕೆಳಗಿಳಿಯುವ ಬಸ್ ಡ್ರೈವರ್ ಹತ್ತಿರ ಹೇಳಿ ಕಳಿಸಿ.

ನಿವೃತ್ತ_ಸ್ಟೇರಿಂಗ್

ಭೇಷ್ ತಂಗಿ. ಒಂದು ಬಿಟ್ಟುಹೋಯಿತು. ಹೀಟ್ ಆಗಿದೆ ಅಂತ ಕೆಲವರು ಗಾಡಿ ವಾಪಸ್ ತಿರುಗಿಸಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುತ್ತಾರೆ. ದಯವಿಟ್ಟು ಬೇಡ. ಇಂಜಿನ್ ನಿಂತರೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗೂ ಬಿಗಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು.

ಕಲ್ಲಿನ ಉತ್ತರ ಬರಲಿಲ್ಲ.

ಹಳೇಗಾಡಿ_ಚಿಕ್ಕಮಗಳೂರು

ಎಲ್ಲರಿಗೂ ಕೈಮುಗಿದೆ. ನಿನ್ನೆ ಗ್ಯಾರೇಜಿಗೆ ಹೋಗಿದ್ದೆ. ಆಯಿಲ್ ಮುಚ್ಚಳದ ಒಳಗೆ ಹೋಟೆಲ್ ಟೀ ಬಣ್ಣವೇ ಇತ್ತು. ನಾನು ಕೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳದೆ ಹೆಡ್ ಮೇಲೆ ಪಟ್ಟಿ ಇಟ್ಟು, ಸಂದಿಯಲ್ಲಿ ಬ್ಲೇಡ್ ತೂರಿಸಿ ತೋರಿಸಿದರು. ಸುಳ್ಳಲ್ಲ. ಬೇರಿಂಗ್ ಉಳಿದಿದೆ. ಫ್ಯಾನ್ ಯಾಕೆ ಓಡುತ್ತಿರಲಿಲ್ಲ ಗೊತ್ತಾ? ರಿಲೇ ಸುಟ್ಟಿತ್ತು. ಇನ್ನೂರೈವತ್ತು ರೂಪಾಯಿ ಸಾಮಾನು! ಹೆಂಡತಿಗೆ ಇನ್ನೂ ಹೇಳಿಲ್ಲ.

ಸ್ಟೇರಿಂಗ್ ಅಣ್ಣಾ, ಕಲ್ಲು ತೆಗೆದಿರಲಿಲ್ಲ. ನೀವು ಕೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಯಾವನಾದರೂ ಬೈಕಿನವನು ಕತ್ತಲಲ್ಲಿ ಹತ್ತಿಸಿಬಿಟ್ಟರೆ ಅಂತ. ಇವತ್ತು ಬೆಳಿಗ್ಗೆ ಭಾವನ ಬೈಕ್ ತೆಗೆದುಕೊಂಡು ಹೋಗಿ ನೋಡಿದೆ. ಯಾರೋ ಪುಣ್ಯಾತ್ಮರು ಅದನ್ನು ಮೋರಿಯ ಆಚೆ ಎತ್ತಿಟ್ಟಿದ್ದರು. ಬರುವಾಗ ಅಣ್ಣಪ್ಪಸ್ವಾಮಿಗೆ ಎರಡು ಕಾಯಿ ಒಡೆಸಿದೆ. ಒಂದು ಆ ಜೀಪಿನವರ ಹೆಸರಲ್ಲಿ, ಒಂದು ಕಲ್ಲು ಎತ್ತಿಟ್ಟವರ ಹೆಸರಲ್ಲಿ.