ಸೆಣಬಿನ ಹೊಲದಲ್ಲಿ ಕಂಡ ಕೆಂಪು, ಕಪ್ಪು ಚುಕ್ಕೆಯ ಬಿಳಿ ಪತಂಗ ಯಾವುದು?

ಪ್ರಶ್ನೆ (ದಾವಣಗೆರೆ):
ಗದ್ದೆಗೆ ಹಸಿರೆಲೆ ಗೊಬ್ಬರವಾಗಲೆಂದು ಬಿತ್ತಿದ್ದ ಅಪ್ಸೆಣಬು ಹೂ ಬಿಡುವ ಹೊತ್ತಿಗೆ, ಕಾಲಿಟ್ಟಲ್ಲೆಲ್ಲ ಸಣ್ಣ ಬಿಳಿ ಕೀಟವೊಂದು ಎದ್ದು ನಾಲ್ಕು ಮಾರು ಹಾರಿ ಮತ್ತೆ ಕೂರುತ್ತಿತ್ತು. ಕೂತಾಗ ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡಂತೆ ಕಡ್ಡಿಯ ಹಾಗೆ ಕಾಣುತ್ತದೆ. ಬಿಳಿಯ ಮೇಲೆ ಕೆಂಪು ಮತ್ತು ಕಪ್ಪು ಚುಕ್ಕೆಗಳಿವೆ. ಹಗಲಿನಲ್ಲಿ ಹಾರುವುದರಿಂದ ನನ್ನ ತಮ್ಮ ಇದನ್ನು ಚಿಟ್ಟೆ ಎನ್ನುತ್ತಾನೆ. ಇದು ನಮ್ಮ ಕಡೆಯದ್ದೇ ಕೀಟವೇ?

ಉತ್ತರ 1:
ಇದು ಪತಂಗವೇ. ಚಿಟ್ಟೆಯ ಕುಡಿಮೀಸೆಯ ತುದಿಯಲ್ಲಿರುವ ಗುಬುಟು ಇದಕ್ಕಿಲ್ಲ, ಮೀಸೆ ದಾರದಂತೆ ಸಪೂರವಾಗಿರುತ್ತದೆ. ನಿಮ್ಮ ವಿವರಣೆ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಸಿದ ಯುಟೆಥೀಸ ಪುಲ್ಕೆಲ್ಲ ಎಂಬ ಪ್ರಭೇದಕ್ಕೆ ಹೊಂದುತ್ತದೆ. ಹರಡಿದ ರೆಕ್ಕೆಗಳ ಅಗಲ ಸುಮಾರು 3ರಿಂದ 4 ಸೆಂ.ಮೀ. ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳಿಲ್ಲ; ಬಿಳಿಯ ಸುತ್ತ ಅಂಕುಡೊಂಕಾದ ಕಪ್ಪು ಅಂಚಿರುತ್ತದೆ, ಆದರೆ ಅದು ಕಾಣುವುದು ಹಾರುವಾಗ ಮಾತ್ರ. ನಮ್ಮಲ್ಲಿ ಸಹಜವಾಗಿರುವ ಕೀಟವೇ ಹೌದು, ಆದರೆ ನಮಗಷ್ಟೇ ಸೇರಿದ್ದಲ್ಲ: ಭಾರತದಿಂದ ಪಶ್ಚಿಮ ಏಷ್ಯಾ, ಆಫ್ರಿಕಾ ಹಾಗೂ ದಕ್ಷಿಣ ಯುರೋಪಿನವರೆಗೂ ಇದು ಹಬ್ಬಿದೆ, ಅಪರೂಪಕ್ಕೆ ವಲಸೆ ಬಂದು ಬ್ರಿಟನ್ನಿನಲ್ಲೂ ಕಾಣಿಸಿಕೊಳ್ಳುತ್ತದೆ. ಬೆರಳುದ್ದವೂ ಇಲ್ಲದ ಜೀವಕ್ಕೆ ಇದು ಸಣ್ಣ ಪಯಣವೇನಲ್ಲ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. ಸೆಣಬಿನ ಹೊಲದಲ್ಲಿ ಇದೇ ಕುಲದ ಲೋಟ್ರಿಕ್ಸ್ ಎಂಬ ಪ್ರಭೇದವೂ ಇರುತ್ತದೆ. ಅದರ ನೆಲೆ ಪೂರ್ವಕ್ಕೆ, ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ ಚಾಚಿದೆ. ಎರಡರ ಚುಕ್ಕೆಗಳೂ ಒಂದು ಪತಂಗದಿಂದ ಇನ್ನೊಂದಕ್ಕೆ ಬದಲಾಗುವುದರಿಂದ, ಕೂತ ಪತಂಗದ ಒಂದು ಚಿತ್ರವನ್ನು ಮಾತ್ರ ನೋಡಿ ಹೆಸರು ಬರೆದಿಡುವುದು ನನಗೆ ಸರಿ ಕಾಣುವುದಿಲ್ಲ. ರೆಕ್ಕೆ ಬಿಚ್ಚಿದ ಚಿತ್ರದ ಜೊತೆಗೆ, ಅದು ಕೂತಿದ್ದ ಗಿಡದ ಹೆಸರನ್ನೂ ದಾಖಲಿಸಿ.

ಉತ್ತರ 3:
ಗಿಡದ ಮಾತು ಬಂದಿದ್ದರಿಂದ ಹೇಳುತ್ತೇನೆ. ಇದರ ಕಂಬಳಿಹುಳು ಸೆಣಬು ಮತ್ತು ಅದರ ಕಾಡು ಬಂಧುಗಳನ್ನೂ, ಚೇಳುಕೊಂಡಿ ಗಿಡದ ಜಾತಿಯವುಗಳನ್ನೂ ತಿನ್ನುತ್ತದೆ. ಬೇಲಿ, ಬಯಲುಗಳಲ್ಲೆಲ್ಲ ಈ ಗಿಡಗಳು ಬೆಳೆಯುವುದರಿಂದ ಪತಂಗಕ್ಕೆ ಹೋದಲ್ಲೆಲ್ಲ ಆಹಾರವಿದೆ. ಗಿಡದಲ್ಲಿರುವ ವಿಷದ ಆಲ್ಕಲಾಯ್ಡುಗಳನ್ನು ಹುಳು ಮೈಯಲ್ಲಿ ಉಳಿಸಿಕೊಳ್ಳುತ್ತದೆ, ಅದು ಪತಂಗಕ್ಕೂ ದಾಟುತ್ತದೆ. ಹಗಲಿನಲ್ಲೇ ಬಣ್ಣ ತೋರಿಸಿಕೊಂಡು ತಿರುಗುವ ಧೈರ್ಯ ಅದರಿಂದಲೇ ಬಂದದ್ದು. ಅಮೆರಿಕದಲ್ಲಿರುವ ಇದರ ಬಂಧುವೊಂದು ಬಲೆಗೆ ಬಿದ್ದರೆ, ಜೇಡವೇ ಎಳೆಗಳನ್ನು ಕತ್ತರಿಸಿ ಬಿಟ್ಟುಬಿಡುವುದನ್ನು ಕೀಟವಿಜ್ಞಾನಿ ಥಾಮಸ್ ಐಸ್ನರ್ ಅವರ ಪ್ರಯೋಗಗಳು ತೋರಿಸಿವೆ. ಗೊಬ್ಬರಕ್ಕಾಗಿ ಉಳುವ ಸೆಣಬಾದರೆ ನೀವು ಚಿಂತಿಸಬೇಕಿಲ್ಲ, ಬೀಜಕ್ಕೆ ಬಿಟ್ಟಿದ್ದರೆ ಮಾತ್ರ ಕಾಯಿಗಳಲ್ಲಿ ತೂತು ಇದೆಯೇ ಎಂದು ನೋಡಿಕೊಳ್ಳಿ. ಬಲಿತ ಹುಳು ಒಳಹೊಕ್ಕು ಬೀಜ ತಿನ್ನುತ್ತದೆ.